ಕೆಂಪು ಕ್ಯಾಲಿಪರ್, ನ್ಯೂಟ್ರಲ್ ಗೇರು

ಪ್ರಶ್ನೆ: ನಮ್ಮದು ಜಮಖಂಡಿ ಕಡೆಯ ಹಳ್ಳಿ. ಪುಣೆಗೆ ಬಂದು 27 ವರ್ಷವಾಯಿತು. ಭೋಸರಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೇನೆ, ಮನೆ ಚಿಂಚವಡದಲ್ಲಿ. ಒಬ್ಬನೇ ಮಗ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷ. ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ 2016ರ ಪೆಟ್ರೋಲ್ ಸ್ವಿಫ್ಟ್ ಇದೆ. ಮಗ ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ ಅದಕ್ಕೆ ಅಲಾಯ್ ವೀಲ್ ಹಾಕಿಸಿದ. ಚಂದ ಕಂಡಿತು, ನಾನೇನೂ ಅನ್ನಲಿಲ್ಲ. ಈಗ ಆ ಚಕ್ರದ ಸಂದಿಯಿಂದ ತುಕ್ಕು ಹಿಡಿದ ಬ್ರೇಕ್ ಕ್ಯಾಲಿಪರ್ ಕಾಣುತ್ತದೆಯಂತೆ, ಗೆಳೆಯರು ನಗುತ್ತಾರಂತೆ, ಅದು ಕೆಂಪಗಿರಬೇಕಂತೆ. 900 ರೂಪಾಯಿಗೆ ನಾಲ್ಕು ಪ್ಲಾಸ್ಟಿಕ್ ಕವರ್ ತರಿಸಿದ್ದಾನೆ. ಮೇಲೆ ದೊಡ್ಡದಾಗಿ ಬ್ರೆಂಬೊ ಎಂದು ಬರೆದಿದೆ. "ಬ್ರೇಕಿಗೆ ಕೈ ಹಚ್ಚಬ್ಯಾಡ" ಎಂದು ಗದರಿಸಿದೆ. "ಕವರ್ ಬ್ಯಾಡಂದ್ರ ಪೇಂಟ್ ಮಾಡ್ತೀನಿ" ಅಂದ. ಅದಕ್ಕೂ ಬೈದೆ. ಸಿಟ್ಟಿನಲ್ಲಿ ಗಾಡಿಯ ಕೀಲಿ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದೆ. ಮೂರು ವಾರವಾಯಿತು, ಅಪ್ಪ ಮಗನ ನಡುವೆ ಮಾತಿಲ್ಲ. ಏನಿದ್ದರೂ ಅವರ ಅವ್ವನ ಬಾಯಿಂದಲೇ ಬರಬೇಕು, ಹೋಗಬೇಕು.

ನಾನು ಗಾಡಿಯನ್ನು ಬಹಳ ಜೋಪಾನವಾಗಿ ಓಡಿಸುವವನು. ಊರಿನಿಂದ ಬರುವಾಗ ಖಂಬಾಟಕಿ ಸುರಂಗ ದಾಟಿದ ಇಳಿಜಾರಿನಲ್ಲಿ, ಆಮೇಲೆ ಕಾತ್ರಜದ ಹೊಸ ಸುರಂಗದಿಂದ ನವಲೆ ಬ್ರಿಜ್‌ವರೆಗೆ ನ್ಯೂಟ್ರಲ್ ಹಾಕಿಯೇ ಇಳಿಸುತ್ತೇನೆ, ಪೆಟ್ರೋಲ್ ಉಳಿಯುತ್ತದೆ. ಕೆಳಗೆ ಬಂದಾಗ ಸ್ವಲ್ಪ ಸುಟ್ಟ ವಾಸನೆ ಬರುತ್ತದೆ, ಅಷ್ಟೇ. ಇಷ್ಟು ಕಾಳಜಿ ಮಾಡಿದ ಗಾಡಿಯ ಬ್ರೇಕಿನ ಮೇಲೆ ಹುಡುಗಾಟ ಮಾಡುವುದು ಸರಿಯೇ? ಕವರ್ ವಾಸಿಯೋ, ಪೇಂಟ್ ವಾಸಿಯೋ, ಎರಡೂ ಬೇಡವೋ? ದಸರೆಗೆ ಅದೇ ಗಾಡಿಯಲ್ಲಿ ಊರಿಗೆ ಹೋಗಬೇಕು. ನಾನು ಬೈದದ್ದು ತಪ್ಪೇ?

— ಹೆಸರು ಬೇಡ, ಚಿಂಚವಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಒಂದೇ ಸಾಲಿನಲ್ಲಿ ಉತ್ತರ ಮುಗಿಯಿತು ಅನ್ನಿಸಿತು: ಪೇಂಟ್ ಆಗಲಿ, ಕವರ್ ಬೇಡ. ಎರಡನೇ ಸಲ ಓದುವಾಗ ನಡುವಿನ ಒಂದು ಸಾಲಿಗೆ ಬಂದು ನಿಂತುಬಿಟ್ಟೆ. ನೀವು ಅದನ್ನು ಹೆಮ್ಮೆಯಿಂದ ಬರೆದಿದ್ದೀರಿ, ನನಗೆ ಎದೆ ಧಸಕ್ಕೆಂದಿತು. ಅದರ ಸುದ್ದಿಗೆ ಆಮೇಲೆ ಬರುತ್ತೇನೆ. ಮೊದಲು ನೀವು ಕೇಳಿದ್ದಕ್ಕೆ ಉತ್ತರ.

ಆ ನಾಲ್ಕು ಕವರ್‌ಗಳನ್ನು ವಾಪಸು ಕಳಿಸಿ. ನಾಲ್ಕರಲ್ಲಿ ಎರಡಂತೂ ಯಾವ ಲೆಕ್ಕಕ್ಕೂ ಇಲ್ಲ, ಏಕೆಂದರೆ ನಿಮ್ಮ ಗಾಡಿಗೆ ಹಿಂದಿನ ಚಕ್ರದಲ್ಲಿ ಕ್ಯಾಲಿಪರೇ ಇಲ್ಲ, ಡ್ರಮ್ ಬ್ರೇಕ್ ಇದೆ. ಬೋಗುಣಿ ಬೋರಲು ಹಾಕಿದಂತೆ ಕಾಣುವ ಆ ಡ್ರಮ್ಮಿನ ಮುಂದೆ ಕೆಂಪು ಕವರ್ ಅಂಟಿಸಿದರೆ ಬೋಗುಣಿಗೆ ಮೂಗುತಿ ಇಟ್ಟ ಹಾಗೆ. ಮೆಕ್ಯಾನಿಕಲ್ ಕೊನೆಯ ವರ್ಷದ ಹುಡುಗ ಇದನ್ನು ನೋಡದೆ ನಾಲ್ಕು ತರಿಸಿದ್ದಾನೆ ಎಂಬುದೊಂದೇ ನನಗೆ ಅವನ ಮೇಲಿರುವ ಸಿಟ್ಟು. ಇದನ್ನು ಅವನಿಗೆ ಓದಿ ಹೇಳಿ, ನನ್ನ ಹೆಸರಲ್ಲೇ ಹೇಳಿ.

ನಾನು ಮೂವತ್ತು ವರ್ಷ ಪಿಂಪರಿ ಕಡೆಯ ಒಂದು ಕಾರ್ಖಾನೆಯಲ್ಲಿ ಬ್ರೇಕ್ ಜೋಡಿಸುವ ಸಾಲಿನಲ್ಲಿ ನಿಂತವನು. ನಿವೃತ್ತಿಯಾದ ಮೇಲೂ ನಾನಾ ಪೇಠೆಯ ಹಿಂದಿನ ಗಲ್ಲಿಯ ಒಂದು ಗ್ಯಾರೇಜಿಗೆ ಹೋಗಿ ಚಹಾ ಕುಡಿಯುತ್ತ ಕೂರುವ ಚಟ ಬಿಟ್ಟಿಲ್ಲ. ಒಂದು ಮಧ್ಯಾಹ್ನ ಸಿಂಹಗಡದಿಂದ ಇಳಿದು ಬಂದ ಗಾಡಿಯೊಂದು ಮುಂದಿನ ಎಡ ಚಕ್ರದಲ್ಲಿ ಕಟಕಟ ಸದ್ದು ಮಾಡುತ್ತ ಬಾಗಿಲಲ್ಲಿ ನಿಂತಿತು. ಮಿಸ್ತ್ರಿ ಚಕ್ರ ಬಿಚ್ಚಿದ. ಒಳಗೆ ಇಂಥದೇ ಕೆಂಪು ಕವರ್. ಬಿಸಿಗೆ ಮೆತ್ತಗಾಗಿ ಒಂದು ಕಡೆ ವಾಲಿತ್ತು. ವಾಲಿದ ಅಂಚನ್ನು ಅಲಾಯ್‌ನ ಕಡ್ಡಿಗಳು ಸುತ್ತಿ ಸುತ್ತಿ ಕೆರೆದು ಅರ್ಧಚಂದ್ರ ಮಾಡಿದ್ದವು. ದೊಡ್ಡ ಹೆಸರಿನಲ್ಲಿ ಎರಡೇ ಅಕ್ಷರ ಉಳಿದಿದ್ದವು. ಅಂಟಿಸಿದ್ದ ಸಿಲಿಕೋನ್ ಗೋಂದು ಎಳೆಪಾಕದ ಬೆಲ್ಲದಂತೆ ನೂಲು ನೂಲಾಗಿ ಜೋತಾಡುತ್ತಿತ್ತು. ಕವರಿನ ಇನ್ನೊಂದು ಮೂಲೆ ಬ್ರೇಕ್ ಆಯಿಲ್ ಹರಿಯುವ ರಬ್ಬರ್ ಪೈಪಿಗೆ ಆತುಕೊಂಡು, ಪೈಪಿನ ಮೇಲೆ ಉಗುರಗಲ ಸವೆದಿತ್ತು. ಮಿಸ್ತ್ರಿ ಏನೂ ಮಾತಾಡಲಿಲ್ಲ. ಗಾಡಿಯವನ ಬೆರಳು ಹಿಡಿದು ಆ ಸವೆದ ಜಾಗದ ಮೇಲೆ ಒಮ್ಮೆ ಎಳೆದ, ಅಷ್ಟೇ. ಗಾಡಿಯವನ ಮುಖ ಸಪ್ಪಗಾಯಿತು.

ಎಲ್ಲ ಕವರೂ ಹೀಗೇ ಎಂದರೆ ಅನ್ಯಾಯವಾದೀತು. ಒಂದೊಂದು ಮಾಡೆಲ್ಲಿಗೂ ಅಳತೆ ತೆಗೆದು, ಅಲ್ಯುಮಿನಿಯಮ್ಮಿನಲ್ಲಿ ಮಾಡಿ, ಗೋಂದಿನ ಹಂಗಿಲ್ಲದೆ ಉಕ್ಕಿನ ಪಟ್ಟಿಯಿಂದ ಬಿಗಿಯುವ ಕವರ್‌ಗಳೂ ಇವೆ. ಅವು ಕರಗುವುದಿಲ್ಲ, ಸುಲಭವಾಗಿ ಕಳಚುವುದೂ ಇಲ್ಲ. ಆದರೆ ಅವುಗಳ ಬೆಲೆಯಲ್ಲಿ ನಿಮ್ಮ ಗಾಡಿಗೆ ಹೊಸ ಪ್ಯಾಡ್, ಡಿಸ್ಕ್ ಹಾಕಿಸಿ ಮೇಲೆ ಒಂದು ಹೊತ್ತಿನ ಊಟವನ್ನೂ ಮಾಡಬಹುದು. ನಿಮ್ಮ ಮಗ ತಂದದ್ದು ಎಲ್ಲ ಗಾಡಿಗೂ ಆಗುತ್ತದೆ ಎಂದು ಮಾರುವ ಪ್ಲಾಸ್ಟಿಕ್ ಮಾಲು. ಎಲ್ಲರಿಗೂ ಆಗುವ ಚಪ್ಪಲಿ ಯಾರ ಕಾಲಿಗೂ ಸರಿಯಾಗಿ ಆಗುವುದಿಲ್ಲ.

ಇನ್ನು ಆ ಹೆಸರಿನ ತಮಾಷೆ. ಬ್ರೆಂಬೊ ಎಂಬುದು 1961ರಲ್ಲಿ ಇಟಲಿಯ ಬೆರ್ಗಾಮೊ ಹತ್ತಿರ ಹುಟ್ಟಿದ ಕಂಪನಿ. ಫೆರಾರಿಯಂಥ ಗಾಡಿಗಳಿಗೆ ಬ್ರೇಕ್ ಮಾಡಿಕೊಟ್ಟು ಹೆಸರಾಯಿತು. ಆ ಹೆಸರಿನ ಕೆಂಪು ಕ್ಯಾಲಿಪರ್ ಹುಡುಗರ ಕನಸಿನೊಳಗೆ ಹೊಕ್ಕಿದ್ದು ಹಾಗೆ. ನಿಮ್ಮ ಭೋಸರಿಯಿಂದ ನಾಶಿಕ ರಸ್ತೆ ಹಿಡಿದು ಮೋಶಿ ದಾಟಿದರೆ ಚಾಕಣ ಬರುತ್ತದಲ್ಲ, ಅಲ್ಲಿ ಅದೇ ಬ್ರೆಂಬೊದ ಕಾರ್ಖಾನೆ ಇದೆ, ಮೋಟರ್‌ಸೈಕಲ್ಲುಗಳಿಗೆ ಬ್ರೇಕ್ ಮಾಡುತ್ತದೆ. ನಿಮ್ಮ ಓಣಿಯ ಹುಡುಗರು ಓಡಿಸುವ ಕೆಟಿಎಂ ಡ್ಯೂಕಿನ ಚಕ್ರದಲ್ಲಿ ಬೈಬ್ರೆ ಎಂದು ಕೆತ್ತಿದ್ದು ಕಂಡರೆ, ಅದು ಅದೇ ಮನೆಯ ಕೂಸು. ಅಸಲಿ ಮಾಲು ಹೀಗೆ ಮನೆಯ ಹತ್ತಿರವೇ ತಯಾರಾಗುತ್ತಿರುವಾಗ, ಅದರ ಹೆಸರು ಬರೆದ ಪ್ಲಾಸ್ಟಿಕ್ ಚಿಪ್ಪನ್ನು ಸ್ವಿಫ್ಟಿಗೆ ಅಂಟಿಸಿಕೊಂಡು ಪಿಂಪರಿ–ಚಿಂಚವಡದಲ್ಲಿ ತಿರುಗಾಡುವುದಕ್ಕೆ ಧೈರ್ಯ ಬೇಕು. ಈ ಊರಿನಲ್ಲಿ ಹತ್ತು ಮನೆಗೊಬ್ಬ ಕ್ಯಾಲಿಪರ್ ಬಲ್ಲವನಿದ್ದಾನೆ. ಸಿಗ್ನಲ್ಲಿನಲ್ಲಿ ಪಕ್ಕದಲ್ಲಿ ನಿಂತವನು ನಗುತ್ತಾನೆ. ಈಗ ನಗುವ ಗೆಳೆಯರಿಗಿಂತ ಜೋರಾಗಿ ನಗುತ್ತಾನೆ.

ಇಷ್ಟಾಗಿ ಕವರಿನ ಮೇಲೆ ನನ್ನ ದೊಡ್ಡ ತಕರಾರು ಕರಗುವುದಲ್ಲ, ಮುಚ್ಚುವುದು. ಕ್ಯಾಲಿಪರ್ ಎಂದರೆ ಚಿಮಟಾ ಇದ್ದ ಹಾಗೆ, ರೊಟ್ಟಿಯನ್ನು ಎರಡೂ ಕಡೆಯಿಂದ ಹಿಡಿಯುವಂತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡ್‌ಗಳ ನಡುವೆ ಅಮುಕುತ್ತದೆ. ನಿಮ್ಮಂಥ ಗಾಡಿಗಳಲ್ಲಿ ಅಮುಕುವ ಪಿಸ್ಟನ್ ಒಳಗಡೆ ಮಾತ್ರ ಇರುತ್ತದೆ. ಅದು ಒಳಗಿನ ಪ್ಯಾಡನ್ನು ನೂಕಿದಾಗ ಇಡೀ ಕ್ಯಾಲಿಪರು ಎರಡು ಪಿನ್ನುಗಳ ಮೇಲೆ ಜಾರಿ ಬಂದು ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಆ ಪಿನ್ನಿನ ರಬ್ಬರ್ ಹರಿದಿದೆಯೇ, ಆಯಿಲ್ ಜಿನುಗಿದೆಯೇ, ಪ್ಯಾಡ್ ಎಷ್ಟು ದಪ್ಪ ಉಳಿದಿದೆ, ಇವನ್ನೆಲ್ಲ ಅಲಾಯ್ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ಒಂದು ಮಟ್ಟಿಗೆ ನೋಡಬಹುದು. ಹಿಂದೆ ಉಕ್ಕಿನ ರಿಮ್ಮು, ಅದರ ಮೇಲೆ ವೀಲ್ ಕಪ್ ಇದ್ದ ಕಾಲದಲ್ಲಿ ಈ ಭಾಗ್ಯ ಇರಲಿಲ್ಲ, ಕ್ಯಾಲಿಪರ್ ತುಕ್ಕು ಹಿಡಿದರೂ ಯಾರೂ ನೋಡುತ್ತಿರಲಿಲ್ಲ, ಯಾರೂ ನಗುತ್ತಲೂ ಇರಲಿಲ್ಲ. ನಿಮ್ಮ ಮಗ ದುಡ್ಡು ಕೊಟ್ಟು ಕಿಟಕಿ ತೆರೆಸಿದ್ದಾನೆ, ಈಗ ಅದಕ್ಕೆ ಪರದೆ ಹಾಕುವುದೇಕೆ? ಅದರ ಮೇಲೆ ಪುಣೆಯ ಮಳೆಗಾಲ. ಕವರಿಗೂ ಕ್ಯಾಲಿಪರಿಗೂ ನಡುವೆ ಕೆಸರು ಹೊಕ್ಕು ಕೂತರೆ ಒಣಗುವುದಿಲ್ಲ, ತುಕ್ಕು ಒಳಗೊಳಗೇ ಬೆಳೆಯುತ್ತದೆ. ಸರ್ವಿಸಿಗೆ ಬಿಟ್ಟಾಗಲೆಲ್ಲ ಅದನ್ನು ಕಿತ್ತು ಮತ್ತೆ ಅಂಟಿಸಬೇಕು, ಯಾವ ಮಿಸ್ತ್ರಿಯೂ ಅದನ್ನು ಎರಡನೇ ಸಲ ಪ್ರೀತಿಯಿಂದ ಮಾಡುವುದಿಲ್ಲ.

ಮಗ ಇಷ್ಟಕ್ಕೂ ಒಪ್ಪದಿದ್ದರೆ ಬೈಯಬೇಡಿ. ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಒಂದು ಸಣ್ಣ ಉಂಡೆ ಕೊಡಿ. ಮುಂದಿನ ಚಕ್ರ ಬಿಚ್ಚಿ ಕ್ಯಾಲಿಪರಿನ ಮುಖದ ಮೇಲೆ ಉಂಡೆ ಅಂಟಿಸಿ, ಚಕ್ರ ಮತ್ತೆ ಬಿಗಿದು, ಗಾಡಿ ಎತ್ತಿರುವಾಗಲೇ ಕೈಯಿಂದ ಒಂದು ಸುತ್ತು ನಿಧಾನಕ್ಕೆ ತಿರುಗಿಸಿ ಬಿಚ್ಚಿ ನೋಡಲಿ. ಚಕ್ರದ ಕಡ್ಡಿ ಹಿಟ್ಟನ್ನು ಎಷ್ಟು ಒತ್ತಿ ತೆಳು ಮಾಡಿದೆಯೋ ಅಷ್ಟೇ ಅಲ್ಲಿರುವ ಜಾಗ. ಆ ಕವರಿನ ದಪ್ಪ, ಗೋಂದಿನ ದಪ್ಪ, ಬಿಸಿಗೆ ಹಿಗ್ಗುವುದು, ಗುಂಡಿಗೆ ಬಿದ್ದಾಗ ಅಲುಗುವುದು, ಎಲ್ಲ ಆ ಜಾಗದಲ್ಲೇ ಹಿಡಿಯಬೇಕು. ಹಿಟ್ಟಿಗೆ ಸುಳ್ಳು ಹೇಳಲು ಬರುವುದಿಲ್ಲ, ಅಪ್ಪನ ಮೇಲಿನ ಸಿಟ್ಟೂ ಅದಕ್ಕಿಲ್ಲ.

ಪೇಂಟಿನ ವಿಚಾರಕ್ಕೆ ಬರೋಣ. ಇದರಲ್ಲಿ ನಾನು ನಿಮ್ಮ ಮಗನ ಪಕ್ಷ. ಕಂಪನಿಗಳೇ ಮಾಡುವ ಕೆಲಸವಿದು. ಚಾಕಣದಲ್ಲಿ ತಯಾರಾಗುವ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಪ್ಲಸ್, ಹ್ಯುಂಡೈನ ಐ20 ಎನ್ ಲೈನ್, ಇವೆಲ್ಲ ಷೋರೂಮಿನಿಂದಲೇ ಕೆಂಪು ಕ್ಯಾಲಿಪರ್ ಹಚ್ಚಿಕೊಂಡು ಬರುತ್ತವೆ. ಬಣ್ಣದಿಂದ ಗಾಡಿ ಒಂದು ಗೇಣು ಮುಂಚೆಯೂ ನಿಲ್ಲುವುದಿಲ್ಲ, ಒಂದು ಗೇಣು ತಡವಾಗಿಯೂ ನಿಲ್ಲುವುದಿಲ್ಲ. ತೆಳ್ಳಗೆ ಹಚ್ಚಿದ ಬಣ್ಣ ಶಾಖವನ್ನು ಹಿಡಿದಿಡುವಷ್ಟು ದಪ್ಪವೂ ಇರುವುದಿಲ್ಲ. ಉಲ್ಟಾ, ಎರಕದ ಕಬ್ಬಿಣಕ್ಕೆ ತುಕ್ಕಿನಿಂದ ರಕ್ಷಣೆ ಸಿಗುತ್ತದೆ, ಬಣ್ಣದ ಮೇಲೆ ಆಯಿಲ್ ಜಿನುಗಿದರೆ ತಟ್ಟನೆ ಕಣ್ಣಿಗೆ ಬೀಳುತ್ತದೆ. ಪೋರ್ಷೆಯವರು ಸಿರಾಮಿಕ್ ಡಿಸ್ಕ್ ಇರುವ ಗಾಡಿಗಳಿಗೆ ಹಳದಿ ಕ್ಯಾಲಿಪರ್ ಕೊಡುವ ಪದ್ಧತಿ ಇಟ್ಟುಕೊಂಡಿದ್ದಾರೆ. ಹಾಗಾಗಿ ಮಗನಿಗೆ ಒಂದು ಮಾತು: ಕೆಂಪಾಗಲಿ, ಬೂದುಬಣ್ಣವಾಗಲಿ, ಹಳದಿ ಮಾತ್ರ ಬೇಡ, ಗೊತ್ತಿದ್ದವರು ಕಿಚಾಯಿಸುತ್ತಾರೆ. ಆರ್‌ಸಿಯಲ್ಲಿ ಬರೆದಿರುವುದು ಗಾಡಿಯ ಮೈಬಣ್ಣ, ಕ್ಯಾಲಿಪರಿನದಲ್ಲ. ಆ ಚಿಂತೆಯೂ ಬೇಡ.

ಆದರೆ ಬಣ್ಣ ಯಾವುದು ಎಂಬಲ್ಲಿ ಹುಡುಗರು ಎಡವುತ್ತಾರೆ. ಗೇಟಿಗೆ ಹಚ್ಚಿ ಉಳಿದ ಎನಾಮಲ್ ಆಗದು. ನೂರು ಕಿಲೋಮೀಟರ್ ವೇಗದಲ್ಲಿರುವ 1,200 ಕಿಲೋ ತೂಕದ ಗಾಡಿಯನ್ನು ಒಮ್ಮೆ ಪೂರ್ತಿ ನಿಲ್ಲಿಸಿದರೆ ಹುಟ್ಟುವ ಶಾಖದಲ್ಲಿ ಒಂದೂವರೆ ಲೀಟರ್ ನೀರನ್ನು ಕುದಿಬರುವವರೆಗೆ ಕಾಯಿಸಬಹುದು. ಅದರಲ್ಲಿ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕುಗಳದ್ದು. ಎನಾಮಲ್ ಮೊದಲು ಕಂದುತ್ತದೆ, ಆಮೇಲೆ ಹಪ್ಪಳದಂತೆ ಏಳುತ್ತದೆ. ಡಬ್ಬಿಯ ಮೇಲೆ ಕ್ಯಾಲಿಪರ್ ಪೇಂಟ್ ಎಂದೇ ಇರಬೇಕು, ಕನಿಷ್ಠ 250 ಡಿಗ್ರಿ ತಾಳುತ್ತದೆ ಎಂದು ಬರೆದಿರಬೇಕು, ಬ್ರೇಕ್ ಆಯಿಲ್ ತಾಗಿದರೂ ಏಳುವುದಿಲ್ಲ ಎಂದಿರಬೇಕು. ಬ್ರೇಕ್ ಆಯಿಲ್ ಒಳ್ಳೊಳ್ಳೆಯ ಬಣ್ಣವನ್ನೇ ತಿಂದುಹಾಕುವ ಪದಾರ್ಥ, ಬಾನೆಟ್ ಮೇಲೆ ನಾಲ್ಕು ಹನಿ ಬಿದ್ದು ಕಲೆಯಾದದ್ದನ್ನು ನೀವೂ ನೋಡಿರಬಹುದು.

ಹಚ್ಚುವ ಕೆಲಸದಲ್ಲಿ ಹಚ್ಚುವುದು ಹತ್ತು ನಿಮಿಷ, ಉಳಿದದ್ದೆಲ್ಲ ತಿಕ್ಕುವುದು. ಸಮತಟ್ಟು ನೆಲ, ಹಿಂದಿನ ಚಕ್ರಗಳಿಗೆ ಕಲ್ಲು, ಗಾಡಿ ಎತ್ತಿದ ಮೇಲೆ ಬರೀ ಜಾಕಿನ ನಂಬಿಕೆ ಬೇಡ, ಕೆಳಗೆ ಸ್ಟ್ಯಾಂಡ್ ಇಡಬೇಕು. ಒಂದು ಸಲಕ್ಕೆ ಒಂದೇ ಚಕ್ರ. ಬ್ರೇಕಿನ ಕರಿ ಧೂಳನ್ನು ಬಾಯಿಂದಾಗಲಿ ಗಾಳಿ ಪೈಪಿನಿಂದಾಗಲಿ ಊದಬಾರದು, ಬ್ರೇಕ್ ಕ್ಲೀನರ್ ಹೊಡೆದು ಹಸಿ ಮಾಡಿ ಒರೆಸಬೇಕು, ಮೂಗಿಗೆ ಮಾಸ್ಕ್ ಇರಲಿ. ಸೀಮೆಎಣ್ಣೆ ಹತ್ತಿರ ತರಬೇಡಿ. ಅದರ ಎಣ್ಣೆ ಪ್ಯಾಡಿಗೆ ಹತ್ತಿದರೆ ಪ್ಯಾಡ್ ಕೆಟ್ಟಿತು. ವೈರ್ ಬ್ರಶ್ಶಿನಲ್ಲಿ ತುಕ್ಕು ಹೋಗುವವರೆಗೆ ತಿಕ್ಕಿ, ಮತ್ತೆ ಕ್ಲೀನರ್ ಹೊಡೆದು ಒಣಗಲು ಬಿಡಬೇಕು. ಆಮೇಲೆ ಬಣ್ಣ ತಾಗಬಾರದ ಜಾಗಗಳಿಗೆ ಟೇಪು: ಡಿಸ್ಕು, ಪ್ಯಾಡು, ಪಿಸ್ಟನ್ನಿನ ಸುತ್ತಲಿನ ರಬ್ಬರು, ಜಾರುವ ಪಿನ್ನು ಮತ್ತು ಅದರ ರಬ್ಬರು, ಏರ್ ತೆಗೆಯುವ ನಿಪ್ಪಲ್ಲು, ಆಯಿಲ್ ಪೈಪು, ಎಬಿಎಸ್ ಇದ್ದರೆ ಅದರ ವೈರು. ಪಿನ್ನಿನೊಳಗೆ ಬಣ್ಣ ಹೋಗಿ ಹಿಡಿದುಕೊಂಡರೆ ಕ್ಯಾಲಿಪರ್ ಜಾರುವುದಿಲ್ಲ, ಒಳಗಿನ ಪ್ಯಾಡೊಂದೇ ದುಡಿದು ಸವೆಯುತ್ತದೆ, ಗಾಡಿ ಒಂದು ಕಡೆ ಎಳೆಯುತ್ತದೆ. ಹೊಸಬನಿಗೆ ಸ್ಪ್ರೇಗಿಂತ ಬ್ರಶ್ಶಿನ ಪೇಂಟ್ ವಾಸಿ, ಬಣ್ಣ ಎಲ್ಲಿಗೆ ಹೋಗುತ್ತಿದೆ ಎಂದು ಕಾಣುತ್ತದೆ. ಎರಡೋ ಮೂರೋ ತೆಳ್ಳನೆ ಪದರ, ನಡುವೆ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು. ಒಂದು ರಾತ್ರಿ ಪೂರ್ತಿ ಒಣಗಲಿ. ಚಕ್ರ ಬಿಗಿಯುವ ಮುಂಚೆ ಡಿಸ್ಕನ್ನು ಮತ್ತೊಮ್ಮೆ ಕ್ಲೀನರಿನಿಂದ ಒರೆಸಬೇಕು, ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಗಾಡಿ ಕದಲಿಸುವ ಮುಂಚೆ ಪೆಡಲನ್ನು ನಾಲ್ಕು ಸಲ ತುಳಿದು ಗಟ್ಟಿಯಾಯಿತೇ ನೋಡಬೇಕು. ಐವತ್ತು ಕಿಲೋಮೀಟರ್ ಓಡಿದ ಮೇಲೆ ಪಾನಾ ಹಾಕಿ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಮೊದಲ ಸಲ ಒಬ್ಬ ಪರಿಚಯದ ಮಿಸ್ತ್ರಿ ಪಕ್ಕದಲ್ಲಿ ನಿಂತಿರಲಿ, ಇನ್ನೂರು ರೂಪಾಯಿ ಕೊಟ್ಟರೂ ದಂಡವಲ್ಲ. ಮಳೆ ಇಲ್ಲದ ದಿನ ಆರಿಸಿಕೊಳ್ಳಿ. ಸೊಸೈಟಿಯ ಪಾರ್ಕಿಂಗಿನಲ್ಲಿ ಮಾಡುವುದಾದರೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ವೈರ್ ಬ್ರಶ್ ಮುಟ್ಟಬೇಡಿ. 27 ವರ್ಷ ಪುಣೆಯಲ್ಲಿದ್ದವರಿಗೆ ಆ ಮಧ್ಯಾಹ್ನದ ನಿದ್ದೆಯ ಮಹಿಮೆ ಹೇಳಬೇಕಾಗಿಲ್ಲ.

ಹಿಂದಿನ ಡ್ರಮ್ಮಿಗೆ ಕೆಂಪು ಬೇಡ, ಅದೇ ಜಾತಿಯ ಕಪ್ಪು ಬಣ್ಣ ಹಚ್ಚಲಿ. ಅಚ್ಚುಕಟ್ಟಾಗಿ ಕಾಣುತ್ತದೆ.

ಈಗ ನಾನು ತಡೆದಿಟ್ಟುಕೊಂಡ ಮಾತು. ಅಲ್ರೀ, ಮಗ ಬ್ರೇಕಿಗೆ ಬಣ್ಣ ಹಚ್ಚುತ್ತೇನೆಂದರೆ ಹೌಹಾರುವ ನೀವು ಖಂಬಾಟಕಿಯ ಇಳಿಜಾರನ್ನು ನ್ಯೂಟ್ರಲ್‌ನಲ್ಲಿ ಇಳಿಸುತ್ತೀರಾ? ಸುರಂಗದಿಂದ ಹೊರಬಿದ್ದ ಕೂಡಲೇ ಎಸ್ ಆಕಾರದ ತಿರುವು ಇರುವ ಆ ಜಾಗದಲ್ಲಿ? ಹೆಂಡತಿ, ಮಗನನ್ನು ಕೂರಿಸಿಕೊಂಡು? ಕೆಳಗೆ ಬಂದಾಗ "ಸ್ವಲ್ಪ ಸುಟ್ಟ ವಾಸನೆ, ಅಷ್ಟೇ" ಎಂದು ಬರೆದಿದ್ದೀರಿ. ಆ "ಅಷ್ಟೇ" ಓದಿಯೇ ನನ್ನ ಎದೆ ಧಸಕ್ಕೆಂದದ್ದು.

ನೂರು ಮೀಟರ್ ಎತ್ತರ ಇಳಿದರೆ ನಿಮ್ಮ ತುಂಬಿದ ಗಾಡಿಯ ತೂಕದಿಂದ ಹುಟ್ಟುವ ಶಾಖಕ್ಕೆ ನಾಲ್ಕು ಲೀಟರ್ ನೀರು ಕುದಿಬರುತ್ತದೆ. ಇನ್ನೂರಕ್ಕೆ ಎಂಟು ಲೀಟರ್. ಗಾಳಿ, ಟೈರು ಸ್ವಲ್ಪ ಪಾಲು ಹಂಚಿಕೊಳ್ಳುತ್ತವೆ. ಗೇರಿನಲ್ಲಿದ್ದರೆ ಎಂಜಿನ್ನು ದೊಡ್ಡ ಪಾಲು ಹೊರುತ್ತದೆ. ನ್ಯೂಟ್ರಲ್ ಹಾಕಿದಾಗ ಎಂಜಿನ್ನಿಗೆ ರಜೆ ಕೊಟ್ಟು, ಉಳಿದ ಹೊರೆಯನ್ನೆಲ್ಲ ಆ ನಾಲ್ಕು ಬ್ರೇಕುಗಳ ತಲೆಗೆ ಕಟ್ಟಿದಂತೆ. ಪ್ಯಾಡ್ ಸುಟ್ಟು ವಾಸನೆ ಬರುವುದು ಅದಕ್ಕೇ. ಇನ್ನೂ ಕಾದರೆ ಪ್ಯಾಡಿನ ಹಿಡಿತ ಸಡಿಲುತ್ತದೆ, ತುಳಿದಷ್ಟೂ ಗಾಡಿ ಜಾರುತ್ತದೆ. ಅದಕ್ಕಿಂತ ಕೆಟ್ಟದ್ದು ಆಯಿಲ್ ಕುದಿಯುವುದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತ ಹೋಗುತ್ತದೆ. ಡಾಟ್ 3 ಎಂಬ ಜಾತಿಯದು ಹೊಸದಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದು ಎಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230, ಆಮೇಲೆ 155. ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬಿದರೆ ಪೆಡಲು ಹತ್ತಿಯ ಮೂಟೆ ತುಳಿದಂತೆ ನೆಲಕ್ಕೆ ಹೋಗುತ್ತದೆ, ಚಕ್ರ ಹಿಡಿಯುವುದಿಲ್ಲ. ನೀವು ಈ ಗಾಡಿ ಕೊಂಡು ನಾಲ್ಕು ವರ್ಷ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಆಯಿಲನ್ನು ಬದಲಿಸಿದ ಸುದ್ದಿ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ.

ಇಷ್ಟಕ್ಕೂ ಉಳಿಸಿದ್ದೇನು? ಕಾರ್ಬ್ಯುರೇಟರ್ ಕಾಲದಲ್ಲಿ ಡ್ರೈವರ್‌ಗಳು ನ್ಯೂಟ್ರಲ್ ಹಾಕುತ್ತಿದ್ದುದನ್ನು ನೋಡಿ ನೀವೂ ಕಲಿತಿರಬೇಕು. ನಿಮ್ಮದು ಇಂಜೆಕ್ಷನ್ ಗಾಡಿ. ಗೇರಿನಲ್ಲೇ ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಕಂಪ್ಯೂಟರು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಆರದಂತೆ ಅದು ಪೆಟ್ರೋಲ್ ಕುಡಿಸುತ್ತಲೇ ಇರಬೇಕು. ಇಷ್ಟು ವರ್ಷ ನೀವು ಇಳಿಜಾರಿನಲ್ಲಿ ಪೆಟ್ರೋಲನ್ನೂ ಸುಟ್ಟಿದ್ದೀರಿ, ಪ್ಯಾಡನ್ನೂ ಸುಟ್ಟಿದ್ದೀರಿ.

ನವಲೆ ಬ್ರಿಜ್ ಎಂದಿರಲ್ಲ. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಒಂದು ಭಾರೀ ವಾಹನ ಇಳಿಜಾರಿನಲ್ಲಿ ಕೈತಪ್ಪಿ ಬಂದು 48 ವಾಹನಗಳು ಜಖಂ ಆದದ್ದು ನಿಮಗೆ ನೆನಪಿರಬೇಕು. ಮೊದಲು ಬ್ರೇಕ್ ಫೇಲ್ ಎಂದು ಸುದ್ದಿ ಬಂತು. ಆಮೇಲೆ ಪೊಲೀಸರು ಹೇಳಿದ್ದು, ಡ್ರೈವರ್ ಇಳಿಜಾರಿನಲ್ಲಿ ಎಂಜಿನ್ನನ್ನೇ ಬಂದ್ ಮಾಡಿದ್ದ ಎಂದು. ನಿಮ್ಮದು ಅಷ್ಟು ದೂರ ಹೋಗಿಲ್ಲ, ನಿಜ. ಆದರೆ ಹಾದಿ ಅದೇ, ಇಳಿಜಾರೂ ಅದೇ.

ಮಗನ ಜೊತೆಗಿನ ಮಾತಿನ ವಿಷಯ. ನೀವು ಬೈದದ್ದು ತಪ್ಪೇ ಎಂದು ಕೇಳಿದ್ದೀರಿ. ಕವರಿಗೆ ಬೈದದ್ದು ಸರಿ, ಪೇಂಟಿಗೆ ಬೈದದ್ದು ತಪ್ಪು, ಕೀಲಿ ಕಪಾಟಿನಲ್ಲಿಟ್ಟದ್ದು ಇನ್ನೂ ತಪ್ಪು. "ಬ್ರೇಕಿಗೆ ಕೈ ಹಚ್ಚಬ್ಯಾಡ" ಎಂದು ನಿಮ್ಮ ಕಾರ್ಖಾನೆಯಲ್ಲಿ ಹೊಸ ಟ್ರೇನಿಗೆ ಹೇಳುತ್ತೀರಾ? ಕೈ ಹಚ್ಚುವುದು ಹೇಗೆ ಎಂದು ತೋರಿಸುತ್ತೀರಿ. ಇಪ್ಪತ್ತೊಂದರ ಹುಡುಗ ಸ್ವಂತ ದುಡ್ಡಿನಲ್ಲಿ ಅಪ್ಪನ ಗಾಡಿಯನ್ನು ಸಿಂಗರಿಸಲು ಹೊರಟಿದ್ದಾನೆ, ಬೇರೆ ಮನೆಗಳಲ್ಲಿ ಹುಡುಗರ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಬರುವ ಉಳಿದ ಪತ್ರಗಳನ್ನು ನಿಮಗೆ ತೋರಿಸಲಾರೆ. ಜಮಖಂಡಿ ಕಡೆಯವರು ನೀವು. ಕಾರಹುಣ್ಣಿಮೆಗೆ ಎತ್ತಿನ ಕೋಡು ಹೆರೆದು, ಹುರಮಂಜು ಬಳಿದು, ತುದಿಗೆ ಹಿತ್ತಾಳೆಯ ಅಣಸು ಹಾಕಿ ಊರೆಲ್ಲ ಮೆರೆಸಿದ್ದನ್ನು ಕಣ್ಣಾರೆ ಕಂಡವರು. ಬಣ್ಣ ಹಚ್ಚಿದರೆ ಎತ್ತು ಜೋರಾಗಿ ಉಳುತ್ತದೆ ಎಂದು ಯಾರೂ ಹಚ್ಚುತ್ತಿರಲಿಲ್ಲ. ಆದರೆ ಕೋಡು ತೊಳೆದು ತಿಕ್ಕುವ ಆ ಒಂದು ದಿನ ಎತ್ತಿನ ಕಿವಿ, ಹೆಗಲ ಹುಣ್ಣು, ಗೊರಸಿನ ಸೀಳು ಎಲ್ಲ ಮನೆಯವರ ಕಣ್ಣಿಗೆ ಬೀಳುತ್ತಿದ್ದವು.

ಆದ್ದರಿಂದ ಹೀಗೆ ಮಾಡಿ. ಅವರ ಅವ್ವನ ಕೈಲಿ ಹೇಳಿಸಬೇಡಿ. ಕೀಲಿ ತಂದು ಅವನ ಮುಂದಿಟ್ಟು, ನ್ಯೂಟ್ರಲ್ ವಿಷಯದಲ್ಲಿ ಬೈಸಿಕೊಂಡು ಬಂದೆ ಎಂದು ನೀವೇ ಮೊದಲು ಹೇಳಿ. ಈ ಅಂಕಣವನ್ನು ಬೇಕಾದರೆ ತೋರಿಸಿ. ಮಾತು ಅಲ್ಲಿಂದ ಶುರುವಾಗುತ್ತದೆ, ಅವನು ನಕ್ಕರೆ ನಗಲಿ. ಬಣ್ಣದ ಡಬ್ಬಿಯ ದುಡ್ಡು ಅವನದು, ಹೊಸ ಬ್ರೇಕ್ ಆಯಿಲ್ಲಿನ ದುಡ್ಡು ನಿಮ್ಮದು. ಯಾವ ಜಾತಿಯ ಆಯಿಲ್ ಎಂಬುದು ಬಾನೆಟ್ ಒಳಗಿನ ಸಣ್ಣ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಬಣ್ಣಕ್ಕೆ ಚಕ್ರ ಬಿಚ್ಚಿದಾಗ ಎರಡೂ ಕಡೆಯ ಪ್ಯಾಡುಗಳ ದಪ್ಪ ಅಳೆಯಲಿ, ಒಳಗಿನದು ಹೊರಗಿನದು ಎರಡೂ. ಮೂರು ಮಿಲಿಮೀಟರಿನ ಹತ್ತಿರ ಬಂದಿದ್ದರೆ ಬಣ್ಣ ನಿಲ್ಲಲಿ, ಮೊದಲು ಪ್ಯಾಡ್ ಬರಲಿ. ಡಿಸ್ಕಿನ ಮೇಲೆ ನೀಲಿ ಛಾಯೆ ಕಂಡರೆ ಅದು ನಿಮ್ಮ ಪೆಟ್ರೋಲ್ ಉಳಿತಾಯದ ಗುರುತು, ಮಿಸ್ತ್ರಿಗೆ ತೋರಿಸಿ. ಆಯಿಲ್ ಬದಲಿಸಿ ಏರ್ ತೆಗೆಯುವ ಕೆಲಸವನ್ನು ಮಾತ್ರ ಗ್ಯಾರೇಜಿನಲ್ಲೇ ಮಾಡಿಸಿ, ಅದು ಮನೆಯಲ್ಲಿ ಕಲಿಯುವ ಕೆಲಸವಲ್ಲ.

ದಸರೆಗೆ ಚೆಂಡು ಹೂವಿನ ಮಾಲೆ ಹಾಕಿಕೊಂಡು ಹೋಗಿ ಬನ್ನಿ. ಹಾರದ ದಾರ ಮುಂದಿನ ಚಕ್ರದ ಕಡೆಗೆ ಜೋತು ಬೀಳದಂತೆ ನೋಡಿಕೊಳ್ಳಿ. ಬರುವಾಗ ಖಂಬಾಟಕಿ ಸುರಂಗದೊಳಗೇ ಮೂರನೇ ಗೇರಿಗೆ ಬನ್ನಿ. ಇಳಿಯುವಾಗ ಎಂಜಿನ್ನು ಗುರ್ ಎಂದು ಜೋರು ಸದ್ದು ಮಾಡುತ್ತದೆ, ಏನೋ ಕೆಟ್ಟಿತು ಅನ್ನಿಸಿ ಕೈ ತಾನಾಗಿ ಗೇರಿನ ಕಡೆ ಹೋಗುತ್ತದೆ. ಮಗನನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ, ಆ ಕೈ ಹಿಡಿಯಲು ಒಬ್ಬರು ಬೇಕು.